ಗಡಿ ದಾಟಿ ಬದುಕಿದವರಿಗೂ ಕಲ್ಲು ನೆಡುತ್ತಾರೆಯೇ?

ಪ್ರಶ್ನೆ: ಎರಡು ವರ್ಷದಿಂದ ಕೆಲಸದ ಮೇಲೆ ಮ್ಯೂನಿಕ್‌ನಲ್ಲಿದ್ದೇನೆ. ಈ ಬೇಸಿಗೆಯಲ್ಲಿ ಗೆಳೆಯರ ಜೊತೆ ಆಸ್ಟ್ರಿಯಾದ ಬ್ರೆಗೆನ್ಸ್‌ನಿಂದ ಹೋಹೆನೆಮ್ಸ್ ಕಡೆಗೆ ಸೈಕಲ್‌ನಲ್ಲಿ ಹೋದೆವು. ದಾರಿಯಲ್ಲಿ ಅಲ್ಲಲ್ಲಿ ಗಡಿಕಲ್ಲಿನಂಥ ಕಲ್ಲುಗಳು. ನಾಜಿಗಳಿಂದ ತಪ್ಪಿಸಿಕೊಂಡು ಸ್ವಿಟ್ಜರ್ಲೆಂಡಿಗೆ ಓಡಿದವರ ನೆನಪಿಗೆ ನೆಟ್ಟದ್ದಂತೆ. ನಮ್ಮೂರಿನ ಕೆರೆ ಏರಿಯ ಮೇಲಿನ ವೀರಗಲ್ಲು ಹೋರಾಡಿ ಸತ್ತವನದು. ತಪ್ಪಿಸಿಕೊಂಡು ಬದುಕಿದವರಿಗೆ ಕಲ್ಲು ಯಾಕೆ? ಎಂಬತ್ತು ವರ್ಷ ಬಿಟ್ಟು ಈಗ ಯಾಕೆ? ಹಾಗೆ ಓಡಿ ಬಂದವರು ನಮ್ಮ ಕಡೆಗೂ ಯಾರಾದರೂ ಬಂದಿದ್ದರೇ?

ಉತ್ತರ: ಮೊದಲು ಒಂದು ಸಣ್ಣ ತಿದ್ದುಪಡಿ. ನೀವು ನೋಡಿದ ಕಲ್ಲುಗಳೆಲ್ಲ ದಾಟಿದವರವಲ್ಲ. ಹೋಹೆನೆಮ್ಸ್‌ನ ಯಹೂದಿ ವಸ್ತುಸಂಗ್ರಹಾಲಯದವರು 2022ರಲ್ಲಿ ಆ ಸೈಕಲ್ ದಾರಿಗೆ ಒಟ್ಟು 52 ಕಲ್ಲು ನೆಟ್ಟರು. ಕಾನ್‌ಸ್ಟನ್ಸ್ ಸರೋವರದಿಂದ ಶುರುವಾಗಿ ಸಿಲ್ವ್ರೆಟ್ಟಾ ಪರ್ವತದ ಬುಡದವರೆಗೆ ಸುಮಾರು ನೂರು ಕಿಲೋಮೀಟರ್ ದಾರಿ ಅದು. ಪ್ರತಿ ಕಲ್ಲಿನ ಹತ್ತಿರ ಮೊಬೈಲ್‌ನಲ್ಲಿ ಒಂದು ಕಥೆ ಕೇಳಬಹುದು. ಆ ಕಥೆಗಳಲ್ಲಿ ದಾಟಿದವರಿದ್ದಾರೆ, ದಾಟಲು ಹೋಗಿ ಸಿಕ್ಕಿಬಿದ್ದವರಿದ್ದಾರೆ, ದಾಟಿಸಿದವರೂ ಇದ್ದಾರೆ. ಮುಂದಿನ ಸಲ ಹೋದರೆ ಬರೀ ಹೆಸರು ಓದಿ ಮುಂದೆ ಸಾಗಬೇಡಿ, ನಿಂತು ಕೇಳಿ.

ಅಷ್ಟು ಚಿಕ್ಕ ಊರಿನ ಸುತ್ತ ಅಷ್ಟೊಂದು ಜನ ಯಾಕೆ ಬಂದರು ಎನ್ನುವುದಕ್ಕೆ ಉತ್ತರ ನದಿಯಲ್ಲಿದೆ. ಆ ಭಾಗದಲ್ಲಿ ರೈನ್ ನದಿಯೇ ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್ ನಡುವಿನ ಗಡಿ. ಆದರೆ ಪ್ರವಾಹದ ಕಾಟ ತಪ್ಪಿಸಲು ನದಿಯ ತಿರುವುಗಳನ್ನು ಕತ್ತರಿಸಿ ನೇರ ಕಾಲುವೆ ತೋಡಿದರು. ಡಿಪೋಲ್ಡ್‌ಸೌ ಎಂಬ ಸ್ವಿಸ್ ಹಳ್ಳಿಯ ಬಳಿ ಆ ಕೆಲಸ 1923ರಲ್ಲಿ ಮುಗಿಯಿತು. ನೀರು ಹೊಸ ಪಾತ್ರಕ್ಕೆ ಹೋಯಿತು, ಗಡಿ ಮಾತ್ರ ಹಳೆಯ ಪಾತ್ರದಲ್ಲೇ ಉಳಿಯಿತು. ಹಾಗಾಗಿ ಡಿಪೋಲ್ಡ್‌ಸೌ ಮುಖ್ಯ ನದಿಯಿಂದಾಚೆ, ಆಸ್ಟ್ರಿಯಾ ಬದಿಗೆ ಚಾಚಿಕೊಂಡ ಸ್ವಿಸ್ ನೆಲವಾಯಿತು. ಅದಕ್ಕೂ ಹೋಹೆನೆಮ್ಸ್‌ಗೂ ನಡುವೆ ಉಳಿದದ್ದು ‘ಹಳೆಯ ರೈನ್’ ಎಂಬ, ಹರಿವು ಸತ್ತ ನೀರು. ನೀರು ಇಳಿದಾಗ ಅಲ್ಲಲ್ಲಿ ನಡೆದೇ ದಾಟಬಹುದಿತ್ತು. ಮುಖ್ಯ ರೈನ್ ಈಜುವುದು ವಿಯೆನ್ನಾದ ದರ್ಜಿಗೋ ಗುಮಾಸ್ತನಿಗೋ ಆಗುವ ಮಾತಲ್ಲ. ಪ್ಯಾಂಟ್ ಮಡಚಿಕೊಂಡು ಕಾಲ್ನೀರು ದಾಟುವುದು ಆಗುವ ಮಾತು. 1938ರಲ್ಲಿ ವಿಯೆನ್ನಾದ ಯಹೂದಿಗಳ ನಡುವೆ ಈ ಊರಿನ ಹೆಸರು ಬಾಯಿಂದ ಬಾಯಿಗೆ ಹರಡಿದ್ದು ಇದರಿಂದಲೇ.

1938ರ ಮಾರ್ಚ್ 12ರಂದು ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ನುಗ್ಗಿತು. ಮರುದಿನವೇ ಯೂರಾ ಸೋಯ್‌ಫರ್ ಎಂಬ ಯುವ ಕವಿ, ನಾಟಕಕಾರ, ಒಬ್ಬ ಗೆಳೆಯನ ಜೊತೆ ಸ್ಕೀ ಕಟ್ಟಿಕೊಂಡು ಗಾರ್ಗೆಲನ್ ಬಳಿ ಬೆಟ್ಟ ದಾಟಿ ಸ್ವಿಟ್ಜರ್ಲೆಂಡಿಗೆ ಹೊರಟಿದ್ದ. ಅಲ್ಲಿ ಸ್ಕೀ ಆಡಲು ಬರುವವರು ಯಾವಾಗಲೂ ಇರುತ್ತಾರೆ, ಅನುಮಾನ ಬರುವಂತಿರಲಿಲ್ಲ. ಚೀಲ ತಪಾಸಣೆ ಮಾಡಿದಾಗ ಒಂದು ಸಾರ್ಡೀನ್ ಮೀನಿನ ಡಬ್ಬಿ ಸಿಕ್ಕಿತು. ಅದಕ್ಕೆ ಸುತ್ತಿದ್ದು ಕಾರ್ಮಿಕ ಸಂಘದ ಹಳೆಯ ಪತ್ರಿಕೆಯ ಹಾಳೆ. ಅಷ್ಟು ಸಾಕಾಯಿತು. ನಾಜಿಗಳ ಡಾಕಾವ್ ಸೆರೆಶಿಬಿರಕ್ಕೆ ಕಳಿಸಿದರು, ಅಲ್ಲಿಂದ ಬೂಕನ್‌ವಾಲ್ಡ್‌ಗೆ. 1939ರ ಫೆಬ್ರವರಿ 16ರಂದು ಟೈಫಸ್ ಜ್ವರದಿಂದ ತೀರಿಕೊಂಡಾಗ ಅವನಿಗೆ 26 ವರ್ಷ. ನಿಮ್ಮ ವೀರಗಲ್ಲಿನ ಲೆಕ್ಕಕ್ಕೆ ಈತ ಸಲ್ಲುತ್ತಾನೋ ಇಲ್ಲವೋ ನೀವೇ ಹೇಳಿ. ದನ ಬಿಡಿಸಲು ಹೋಗಿ ಬಿದ್ದವನಲ್ಲ, ಊರಳಿವು ತಡೆಯಲು ಕತ್ತಿ ಹಿಡಿದವನಲ್ಲ. ಡಬ್ಬಿಗೆ ಸುತ್ತಲು ಬೇರೆ ಕಾಗದ ಸಿಕ್ಕಿದ್ದರೆ ಬಹುಶಃ ಬದುಕುತ್ತಿದ್ದ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ‘ನಾಜಿಗಳಿಂದ ತಪ್ಪಿಸಿಕೊಂಡು’ ಎನ್ನುವಾಗ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ 1938ರ ಮಟ್ಟಿಗೆ ಅರ್ಧ ಮಾತ್ರ ಸರಿ. ಆಗ ನಾಜಿಗಳಿಗೆ ಯಹೂದಿಗಳು ದೇಶ ಬಿಟ್ಟು ತೊಲಗಿದರೆ ಸಾಕಾಗಿತ್ತು. ಆಸ್ತಿಪಾಸ್ತಿ ಕಿತ್ತುಕೊಂಡು, ಬರಿಗೈಯಲ್ಲಿ ಹೊರಗಟ್ಟುವುದು ಅವರ ನೀತಿ. ಹೊರಹೋಗುವುದಕ್ಕೇ ಅವರು ನಿಷೇಧ ಹಾಕಿದ್ದು 1941ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಬಾಗಿಲು ಮುಚ್ಚಿದ್ದು ಮುಖ್ಯವಾಗಿ ಆಚೆ ಬದಿಯಿಂದ. 1938ರ ಏಪ್ರಿಲ್‌ನಿಂದಲೇ ಸ್ವಿಟ್ಜರ್ಲೆಂಡ್ ಆಸ್ಟ್ರಿಯಾದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಕಡ್ಡಾಯ ಮಾಡಿತು. ಆಗಸ್ಟ್‌ನಲ್ಲಿ ವೀಸಾ ಇಲ್ಲದ ನಿರಾಶ್ರಿತರಿಗೆ ಗಡಿಯನ್ನೇ ಮುಚ್ಚಿತು. ಅಷ್ಟರಲ್ಲಿ ಇನ್ನೊಂದು ತೊಡಕು ಎದ್ದಿತು. ಆಸ್ಟ್ರಿಯಾ ಜರ್ಮನಿಗೆ ಸೇರಿಹೋದದ್ದರಿಂದ ಅಲ್ಲಿನವರ ಕೈಗೆಲ್ಲ ಜರ್ಮನ್ ಪಾಸ್‌ಪೋರ್ಟ್ ಬರತೊಡಗಿತು, ಜರ್ಮನ್ ಪಾಸ್‌ಪೋರ್ಟ್‌ಗೆ ವೀಸಾ ಬೇಕಿರಲಿಲ್ಲ. ಎಲ್ಲ ಜರ್ಮನರಿಗೂ ವೀಸಾ ಹಾಕಿದರೆ ವ್ಯಾಪಾರಕ್ಕೆ ಪೆಟ್ಟು. ಎರಡೂ ಸರ್ಕಾರಗಳು ಕೂತು ಮಾತಾಡಿ, ಯಹೂದಿಗಳ ಪಾಸ್‌ಪೋರ್ಟ್ ಮೇಲೆ ಮಾತ್ರ ಕೆಂಪು ಬಣ್ಣದ ‘ಜೆ’ ಅಕ್ಷರ (ಜರ್ಮನ್‌ನಲ್ಲಿ ಯಹೂದಿ ಎಂಬ ಪದದ ಮೊದಲಕ್ಷರ) ಒತ್ತುವುದೆಂದು ತೀರ್ಮಾನಿಸಿದವು. ಅಕ್ಟೋಬರ್‌ನಲ್ಲಿ ಅದು ಜಾರಿಗೆ ಬಂತು. ಗಡಿಯ ಕಾವಲುಗಾರ ಇನ್ನು ಮುಖ ನೋಡಬೇಕಿಲ್ಲ, ಮೊದಲ ಪುಟ ನೋಡಿದರೆ ಸಾಕು.

ಪೌಲ್ ಗ್ರೂನಿಂಗರ್ ಬರುವುದು ಈ ಹೊತ್ತಿನಲ್ಲಿ. ಸೇಂಟ್ ಗ್ಯಾಲನ್ ಪ್ರಾಂತದ ಪೊಲೀಸ್ ಕಪ್ತಾನ, ಒಂದು ಕಾಲದ ಫುಟ್‌ಬಾಲ್ ಆಟಗಾರ, ಎಲ್ಲ ರೀತಿಯಲ್ಲೂ ಸಾಮಾನ್ಯ ಅಧಿಕಾರಿ. ಗಡಿ ಮುಚ್ಚಿದ ಮೇಲೂ ಡಿಪೋಲ್ಡ್‌ಸೌ ಕಡೆಯಿಂದ ಬಂದವರನ್ನು ಆತ ವಾಪಸ್ ಕಳಿಸಲಿಲ್ಲ. ಅವನ ದಾರಿ ಬಹಳ ಸರಳ: ಅವರು ಗಡಿ ಮುಚ್ಚುವ ಮೊದಲೇ ಬಂದಿದ್ದರೆಂದು ಹಿಂದಿನ ತಾರೀಖು ಹಾಕಿ ದಾಖಲೆ ಬರೆಯುವುದು. ಬಂದವರ ಊಟ, ವಸತಿಯ ಖರ್ಚು ಹೊತ್ತದ್ದು ಊರಿನ ಯಹೂದಿ ನೆರವು ಸಂಘ. ಅದನ್ನು ನಡೆಸುತ್ತಿದ್ದವರು ಸಿಡ್ನಿ ಡ್ರೈಫಸ್. ಅವರ ಮಗಳು ರೂತ್ ಡ್ರೈಫಸ್ 1999ರಲ್ಲಿ ಸ್ವಿಟ್ಜರ್ಲೆಂಡಿನ ಅಧ್ಯಕ್ಷೆಯಾದರು, ಆ ಹುದ್ದೆಗೇರಿದ ಮೊದಲ ಮಹಿಳೆ. ಡಿಪೋಲ್ಡ್‌ಸೌನಲ್ಲಿ ಖಾಲಿ ಬಿದ್ದಿದ್ದ ಒಂದು ಕಸೂತಿ ಕಾರ್ಖಾನೆಯನ್ನೇ ಶಿಬಿರ ಮಾಡಿದರು. ಗ್ರೂನಿಂಗರ್ ಎಷ್ಟು ಜನರನ್ನು ಉಳಿಸಿದ ಎನ್ನುವುದಕ್ಕೆ ಕೆಲವು ನೂರರಿಂದ 3,600ರವರೆಗೆ ಬೇರೆ ಬೇರೆ ಲೆಕ್ಕಗಳಿವೆ. ಸುಳ್ಳು ತಾರೀಖು ಬರೆಯುತ್ತಿದ್ದವನು ನಿಜವಾದ ಪಟ್ಟಿ ಬೇರೆ ಇಟ್ಟುಕೊಳ್ಳುತ್ತಾನೆಯೇ?

1939ರಲ್ಲಿ ಅವನನ್ನು ವಜಾ ಮಾಡಿದರು. 1940ರಲ್ಲಿ ಕರ್ತವ್ಯಲೋಪ ಮತ್ತು ದಾಖಲೆ ತಿದ್ದಿದ ತಪ್ಪಿಗೆ ನ್ಯಾಯಾಲಯ 300 ಫ್ರಾಂಕ್ ದಂಡ ಹಾಕಿತು. ಪಿಂಚಣಿ ಹೋಯಿತು. ಆಮೇಲೆ ಅವನಿಗೆ ಗಟ್ಟಿಯಾದ ಒಂದು ಕೆಲಸ ಸಿಗಲೇ ಇಲ್ಲ. 1971ರಲ್ಲಿ, ಯಹೂದಿ ನರಮೇಧದ ನೆನಪನ್ನು ಕಾಯುವ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವನನ್ನು ಗೌರವಿಸಿತು. ಮರುವರ್ಷ ಬಡತನದಲ್ಲೇ ತೀರಿಕೊಂಡ. ಅವನ ಊರಿನ ನ್ಯಾಯಾಲಯ ಮರುವಿಚಾರಣೆ ನಡೆಸಿ ನಿರ್ದೋಷಿ ಎಂದದ್ದು 1995ರ ನವೆಂಬರ್‌ನಲ್ಲಿ, ಸತ್ತು 23 ವರ್ಷವಾದ ಮೇಲೆ. ‘ಈಗ ಯಾಕೆ’ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಈ ತಾರೀಖುಗಳಲ್ಲೇ ಇದೆ. ಶಿಕ್ಷೆಯ ತೀರ್ಪು ಕಾಗದದ ಮೇಲೆ ಜೀವಂತವಿರುವಾಗ ಅದೇ ಸರ್ಕಾರ ಸ್ಮಾರಕ ಕಟ್ಟುವುದಾದರೂ ಹೇಗೆ? ನಿರಾಶ್ರಿತರಿಗೆ ನೆರವಾಗಿ ಶಿಕ್ಷೆಗೊಳಗಾದ ಉಳಿದವರ ತೀರ್ಪುಗಳನ್ನು ರದ್ದು ಮಾಡುವ ಕಾನೂನು ಬರಲು 2004 ಆಗಬೇಕಾಯಿತು.

ಇನ್ನರ್ಧ ಉತ್ತರ ಸ್ವಿಟ್ಜರ್ಲೆಂಡಿನ ಸ್ವಂತ ಚಿತ್ರಣದಲ್ಲಿದೆ. ಯುದ್ಧದ ನಂತರ ಆ ದೇಶ ತನ್ನನ್ನು ತಾನು ಕಂಡದ್ದು ಬಿರುಗಾಳಿಯ ನಡುವಿನ ಆಶ್ರಯವಾಗಿ. ಅದು ಪೂರ್ತಿ ಸುಳ್ಳೇನಲ್ಲ, ಯುದ್ಧದ ಅವಧಿಯಲ್ಲಿ ಸುಮಾರು 21,000 ಯಹೂದಿಗಳಿಗೆ ಅಲ್ಲಿ ಜಾಗ ಸಿಕ್ಕಿತು. ಆದರೆ 1942ರ ಆಗಸ್ಟ್‌ನಲ್ಲಿ, ಯಹೂದಿಗಳನ್ನು ತುಂಬಿದ ರೈಲುಗಳು ಪೂರ್ವದ ಸಾವಿನ ಶಿಬಿರಗಳ ಕಡೆಗೆ ಹೋಗುತ್ತಿವೆ ಎಂದು ಗೊತ್ತಿದ್ದೂ, ‘ಜನಾಂಗದ ಕಾರಣಕ್ಕೆ ಮಾತ್ರ’ ಓಡಿ ಬಂದವರು ರಾಜಕೀಯ ನಿರಾಶ್ರಿತರಲ್ಲ, ಅವರನ್ನು ವಾಪಸ್ ಕಳಿಸಿ ಎಂಬ ಆದೇಶ ಹೊರಟಿತು. ದೇಶವನ್ನು ತುಂಬಿದ ದೋಣಿಗೆ ಹೋಲಿಸಿ ಮಂತ್ರಿ ಭಾಷಣ ಮಾಡಿದ್ದೂ ಅದೇ ತಿಂಗಳು. ಹೀಗೆ ತಿರುಗಿಸಿ ಕಳಿಸಿದವರು 20,000ಕ್ಕೂ ಹೆಚ್ಚು ಎಂದು ಸರ್ಕಾರವೇ ನೇಮಿಸಿದ ಬರ್ಜಿಯೆ ಆಯೋಗ ಹೇಳಿತು. ಆ ಸಂಖ್ಯೆಯ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. ಆಯೋಗ ಕೆಲಸ ಶುರುಮಾಡಿದ್ದು 1996ರಲ್ಲಿ, ಮುಗಿಸಿದ್ದು 2002ರಲ್ಲಿ. ‘ಜೆ’ ಮುದ್ರೆಗೆ ಅಧ್ಯಕ್ಷರು ಕ್ಷಮೆ ಕೇಳಿದ್ದು 1995ರಲ್ಲಿ. ಬರ್ನ್‌ನಲ್ಲಿ ರಾಷ್ಟ್ರೀಯ ಸ್ಮಾರಕಕ್ಕೆ ಸರ್ಕಾರ ಹಣ ಒಪ್ಪಿದ್ದು 2023ರಲ್ಲಿ. ಎಲ್ಲವೂ 1995ರಿಂದ ಈಚಿನ ಮಾತು.

ಜೋಸೆಫ್ ಸ್ಪ್ರಿಂಗ್ ಎಂಬವರ ಪ್ರಕರಣ ಗೊತ್ತಿದ್ದರೆ ಇದರ ಬಿಸಿ ತಾಗುತ್ತದೆ. ಬರ್ಲಿನ್‌ನಲ್ಲಿ ಹುಟ್ಟಿದ ಹುಡುಗ. 1943ರ ನವೆಂಬರ್‌ನಲ್ಲಿ ಫ್ರಾನ್ಸ್ ಕಡೆಯಿಂದ ದಾಯಾದಿ ಸೋದರರಿಬ್ಬರ ಜೊತೆ ಸ್ವಿಸ್ ಗಡಿ ದಾಟಿದ. ಆಗ ವಯಸ್ಸು ಹದಿನಾರು. ಸ್ವಿಸ್ ಕಾವಲುಗಾರರು ಹುಡುಗರನ್ನು ಬರೀ ಹಿಂದಕ್ಕೆ ಅಟ್ಟಲಿಲ್ಲ, ಜರ್ಮನರ ಕೈಗೇ ಒಪ್ಪಿಸಿದರು. ಸೋದರರಿಬ್ಬರೂ ಆಶ್ವಿಟ್ಸ್‌ನಲ್ಲಿ ಸತ್ತರು, ಸ್ಪ್ರಿಂಗ್ ಬದುಕಿ ಬಂದರು. ಮುಪ್ಪಿನಲ್ಲಿ ಸ್ವಿಟ್ಜರ್ಲೆಂಡಿನ ಮೇಲೆ ಮೊಕದ್ದಮೆ ಹೂಡಿದರು. ಕೇಳಿದ್ದು 1,00,000 ಫ್ರಾಂಕ್. 2000ದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಮೊಕದ್ದಮೆ ವಜಾ ಮಾಡಿತು, ಮತ್ತು ಖರ್ಚಿನ ಬಾಬ್ತು ಸ್ಪ್ರಿಂಗ್ ಅವರಿಗೆ ಸರ್ಕಾರ 1,00,000 ಫ್ರಾಂಕ್ ಕೊಡಲಿ ಎಂದಿತು. ತಪ್ಪಾಗಿದೆ ಎಂದು ಒಪ್ಪಲೂ ಆಗದೆ, ಬರಿಗೈಯಲ್ಲಿ ಕಳಿಸಲೂ ಆಗದೆ ಕೊಟ್ಟ ತೀರ್ಪು ಎಂದೇ ನಾನು ಅದನ್ನು ಓದುತ್ತೇನೆ.

ಈಗ ಬದುಕಿದವರಿಗೆ ಕಲ್ಲು ಯಾಕೆ ಎಂಬ ಮಾತಿಗೆ ಬರೋಣ. ಸೈಕಲ್‌ನಲ್ಲಿ ಹಳೆಯ ರೈನ್ ದಾಟುವಾಗ ನಿಮ್ಮನ್ನು ಯಾರಾದರೂ ತಡೆದರೇ? ಇಲ್ಲ. ಮೊಬೈಲ್‌ಗೆ ಇನ್ನೊಂದು ದೇಶದ ನೆಟ್‌ವರ್ಕ್ ಬಂತು, ಅಷ್ಟೆ. ಸೆರೆಶಿಬಿರಕ್ಕಾದರೆ ಬೇಲಿ, ಗೋಪುರ, ಸುಡುಗೂಡು ಏನಾದರೂ ಉಳಿದಿರುತ್ತದೆ. ಮನೆಯಿಂದ ಎಳೆದೊಯ್ದವರಿಗೆ ವಿಳಾಸ ಇರುತ್ತದೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ ಯುರೋಪಿನ ಕಾಲುದಾರಿಗಳಲ್ಲಿ ಹೂಳುತ್ತಾ ಬಂದಿರುವ ಹಿತ್ತಾಳೆಯ ಪುಟ್ಟ ಫಲಕಗಳನ್ನು ಮ್ಯೂನಿಕ್‌ನಿಂದಾಚೆ ಬೇರೆ ಊರುಗಳಲ್ಲಿ ನೋಡಿರುತ್ತೀರಿ, 2023ಕ್ಕೆ ಒಂದು ಲಕ್ಷ ದಾಟಿದವು. ಅವನ್ನು ಹೂಳುವುದು ಆ ವ್ಯಕ್ತಿ ಸ್ವಂತ ಇಷ್ಟದಿಂದ ಬಾಳಿದ ಕೊನೆಯ ಮನೆಯ ಮುಂದೆ. ಗಡಿಯಲ್ಲಿ ಮನೆ ಎಲ್ಲಿ? ಒಂದು ರಾತ್ರಿ, ಒಂದು ಗದ್ದೆಯಂಚು, ಒಬ್ಬ ಕಾವಲುಗಾರ ಆ ಕಡೆ ನೋಡಿದನೋ ಈ ಕಡೆ ನೋಡಿದನೋ ಎಂಬ ಗಳಿಗೆ. ನೆಲದ ಮೇಲೆ ಅದರ ಗುರುತೇ ಉಳಿಯುವುದಿಲ್ಲ. ದಾಟಿದವನೂ ಸಿಕ್ಕಿಬಿದ್ದವನೂ ನಡೆದದ್ದು ಒಂದೇ ದಾರಿ, ಇಬ್ಬರ ಯೋಗ್ಯತೆಯಲ್ಲಿ ವ್ಯತ್ಯಾಸವಿರಲಿಲ್ಲ. ಸತ್ತವರಿಗಷ್ಟೇ ಕಲ್ಲು ನೆಟ್ಟರೆ ಸಾವು ಅವರ ಹಣೆಬರಹವಾಗಿತ್ತು ಅನ್ನಿಸಿಬಿಡುತ್ತದೆ. ಪಕ್ಕದಲ್ಲೇ ಬದುಕಿದವನ ಕಲ್ಲಿದ್ದರೆ, ಬೇರೆಯದೂ ಆಗಬಹುದಿತ್ತು ಎಂಬುದು ಕಣ್ಣಿಗೆ ಕಾಣುತ್ತದೆ.

1942ರಲ್ಲಿ ಹೋಹೆನೆಮ್ಸ್ ಬಳಿ ದಾಟಲು ಬಂದ ಗೆರ್ಟ್ರೂಡ್ ಕಾಂಟೊರೊವಿಚ್ ಅವರನ್ನು ನೆನೆಯಿರಿ. ಕಲಾ ಇತಿಹಾಸದ ವಿದುಷಿ, ಕವಯಿತ್ರಿ, ಅರುವತ್ತು ದಾಟಿದ ಹೆಂಗಸು. ಗಡಿಯಲ್ಲೇ ಸಿಕ್ಕಿಬಿದ್ದರು. ತೆರೇಜಿನ್‌ಶ್ಟಾಟ್ ಶಿಬಿರದಲ್ಲಿ 1945ರ ಏಪ್ರಿಲ್‌ನಲ್ಲಿ, ಯುದ್ಧ ಮುಗಿಯಲು ಮೂರು ವಾರವೂ ಇಲ್ಲದಾಗ ಪ್ರಾಣ ಬಿಟ್ಟರು. ಅವರು ಸಿಕ್ಕಿಬೀಳುವುದಕ್ಕೆ ನಾಲ್ಕು ವರ್ಷ ಮೊದಲು ಅದೇ ನೀರನ್ನು ಅವರಂಥವರೇ ನೂರಾರು ಜನ ದಾಟಿದ್ದರು.

ಒಂದು ತಕರಾರನ್ನೂ ಹೇಳಿಬಿಡುತ್ತೇನೆ. ಹೋಹೆನೆಮ್ಸ್ ಮತ್ತು ಡಿಪೋಲ್ಡ್‌ಸೌ ನಡುವಿನ ಸೇತುವೆಗೆ 2012ರಲ್ಲಿ ಗ್ರೂನಿಂಗರ್ ಹೆಸರಿಟ್ಟರು. ಸೇಂಟ್ ಗ್ಯಾಲನ್‌ನಲ್ಲಿ ಒಂದು ಫುಟ್‌ಬಾಲ್ ಮೈದಾನಕ್ಕೂ ಅವನ ಹೆಸರಿದೆ. ಒಳ್ಳೆಯದೇ. ಆದರೆ ಒಬ್ಬ ಒಳ್ಳೆಯ ಅಧಿಕಾರಿಯ ಹೆಸರನ್ನು ಎಲ್ಲೆಡೆ ಬರೆಯುವುದು ಅವನನ್ನು ಶಿಕ್ಷಿಸಿದ ವ್ಯವಸ್ಥೆಗೂ ಹಿತವಾಗಿಯೇ ಇರುತ್ತದೆ. ‘ನಮ್ಮಲ್ಲಿ ಗ್ರೂನಿಂಗರ್ ಇದ್ದ’ ಎನ್ನುವುದು, ‘ನಾವು ಅವನ ಅನ್ನ ಕಿತ್ತುಕೊಂಡೆವು’ ಎನ್ನುವುದಕ್ಕಿಂತ ಸುಲಭ. ಸೇತುವೆಗಿಂತ ಆ 52 ಕಲ್ಲುಗಳೇ ನನಗೆ ಹೆಚ್ಚು ಇಷ್ಟವಾಗುವುದು ಈ ಕಾರಣಕ್ಕೆ. ಅಲ್ಲಿ ಗ್ರೂನಿಂಗರ್ ಕೂಡ ಐವತ್ತೆರಡರಲ್ಲಿ ಒಬ್ಬ.

ರಜೆ ಸಿಕ್ಕಿದರೆ ಇನ್ನೊಂದು ಗಡಿಗೂ ಹೋಗಿ ಬನ್ನಿ: ಫ್ರಾನ್ಸ್-ಸ್ಪೇನ್ ನಡುವೆ, ಪಿರನೀಸ್ ಪರ್ವತ ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಯುವಲ್ಲಿರುವ ಪೋರ್ಟ್‌ಬೌ. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋತು ಕರಾರಿಗೆ ಸಹಿ ಹಾಕಿತು. ಜರ್ಮನಿ ಕೇಳಿದ ಜರ್ಮನ್ನರನ್ನು ಒಪ್ಪಿಸಬೇಕೆಂಬ ಷರತ್ತು ಅದರಲ್ಲಿತ್ತು. ಹಿಟ್ಲರನಿಂದ ತಪ್ಪಿಸಿಕೊಂಡು ಫ್ರಾನ್ಸ್ ಸೇರಿದ್ದ ಲೇಖಕರು, ಕಲಾವಿದರು, ಕಾರ್ಮಿಕ ನಾಯಕರೆಲ್ಲ ಮಾರ್ಸೇ ನಗರದಲ್ಲಿ ಬಲೆಗೆ ಬಿದ್ದಂತಾದರು. ಅಮೆರಿಕದ ವೀಸಾ ಇದ್ದವರಿಗೂ ಫ್ರಾನ್ಸ್ ಬಿಟ್ಟು ಹೊರಡುವ ಪರವಾನಗಿ ಸಿಗುತ್ತಿರಲಿಲ್ಲ. ವಾಲ್ಟರ್ ಬೆನ್ಯಾಮಿನ್ ಎಂಬ ತತ್ವಚಿಂತಕನದೂ ಇದೇ ಪಾಡು. 48 ವರ್ಷ, ಹೃದಯದ ಕಾಯಿಲೆ, ಕೈಯಲ್ಲಿ ಭಾರವಾದ ಕಪ್ಪು ಕೈಚೀಲ. ಸೆಪ್ಟೆಂಬರ್ ಕೊನೆಯಲ್ಲಿ ಬನ್ಯುಲ್ಸ್ ಎಂಬ ಊರಿನಿಂದ ಲೀಜಾ ಫಿಟ್ಕೊ ಎಂಬ ಹೆಂಗಸು ಅವನನ್ನೂ ಇನ್ನಿಬ್ಬರನ್ನೂ ಬೆಟ್ಟದ ದಾರಿಯಲ್ಲಿ ಕರೆದೊಯ್ದಳು. ದಾರಿ ತಿಳಿಸಿದ್ದು ಆ ಊರಿನ ಮೇಯರ್. ದ್ರಾಕ್ಷಿತೋಟದ ಕೊನೆಯ ಏರಿನಲ್ಲಿ ಅವನನ್ನು ಎಳೆದುಕೊಂಡೇ ಹತ್ತಿಸಬೇಕಾಯಿತಂತೆ. ಪೋರ್ಟ್‌ಬೌ ತಲುಪಿದರು. ಅಲ್ಲಿನ ಪೊಲೀಸರು, ಫ್ರಾನ್ಸ್‌ನ ಪರವಾನಗಿ ಇಲ್ಲ, ವಾಪಸ್ ಕಳಿಸುತ್ತೇವೆ ಎಂದರು. ರಾತ್ರಿ ಹೋಟೆಲ್ ಕೋಣೆಯಲ್ಲಿ ಬೆನ್ಯಾಮಿನ್ ಮಾರ್ಫೀನ್ ನುಂಗಿದ. ಜೊತೆಗಿದ್ದವರನ್ನು ಆಮೇಲೆ ಮುಂದಕ್ಕೆ ಬಿಟ್ಟರು. ಹೆಸರು ತಿರುವುಮುರುವಾಗಿ ‘ಬೆನ್ಯಾಮಿನ್ ವಾಲ್ಟರ್’ ಎಂದು ದಾಖಲಾಗಿ ಕ್ಯಾಥೊಲಿಕ್ ಸ್ಮಶಾನದಲ್ಲಿ ಮಣ್ಣಾದ. ಕೆಲವು ತಿಂಗಳ ನಂತರ ಅವನ ಗೆಳತಿ, ಚಿಂತಕಿ ಹನಾ ಅರೆಂಟ್ ಹುಡುಕಿಕೊಂಡು ಹೋದಾಗ ಸಮಾಧಿ ಸಿಗಲಿಲ್ಲ. ಕೈಚೀಲದಲ್ಲಿದ್ದ ಹಸ್ತಪ್ರತಿ ಇಂದಿಗೂ ಸಿಕ್ಕಿಲ್ಲ.

1994ರಲ್ಲಿ ಇಸ್ರೇಲಿನ ಶಿಲ್ಪಿ ಡಾನಿ ಕರವಾನ್ ಆ ಸ್ಮಶಾನದ ಹೊರಗೆ ಒಂದು ಸ್ಮಾರಕ ಮಾಡಿದರು. ತುಕ್ಕು ಹಿಡಿದ ಬಣ್ಣದ ಉಕ್ಕಿನ ಇಕ್ಕಟ್ಟಾದ ಓಣಿ, ಒಳಗೆ ಮೆಟ್ಟಿಲು, ಬಂಡೆ ಸೀಳಿಕೊಂಡು ನೇರ ಸಮುದ್ರದ ಕಡೆಗೆ ಇಳಿಯುತ್ತದೆ. ಕೆಳಗೆ ನೊರೆ ಸುಳಿಯುವ ನೀರು. ಮುಟ್ಟುವ ಮೊದಲೇ ದಪ್ಪ ಗಾಜು ಅಡ್ಡ ನಿಲ್ಲುತ್ತದೆ. ಅದರ ಮೇಲೆ ಬೆನ್ಯಾಮಿನ್‌ನದೇ ಮಾತು: ಹೆಸರಾಂತವರ ನೆನಪನ್ನು ಗೌರವಿಸುವುದಕ್ಕಿಂತ ಹೆಸರಿಲ್ಲದವರ ನೆನಪನ್ನು ಗೌರವಿಸುವುದು ಕಷ್ಟ ಎಂಬರ್ಥದ್ದು. ಹೆಸರಾಂತನೊಬ್ಬನ ಸ್ಮಾರಕದ ಮೇಲೆ ಆ ವಾಕ್ಯ ಬರೆಯುವುದಕ್ಕೆ ಧೈರ್ಯ ಬೇಕು.

ಇದೇ ಪೋರ್ಟ್‌ಬೌ ಸುತ್ತಲಿನ ಗಡಿಯಲ್ಲಿ ಬೆನ್ಯಾಮಿನ್ ಬರುವುದಕ್ಕೂ ಸುಮಾರು ಇಪ್ಪತ್ತು ತಿಂಗಳ ಹಿಂದೆ ಜನ ಎದುರು ದಿಕ್ಕಿಗೆ ಓಡಿದ್ದರು. 1939ರ ಜನವರಿ-ಫೆಬ್ರವರಿಯಲ್ಲಿ ಅಂತರ್ಯುದ್ಧದಲ್ಲಿ ಗಣರಾಜ್ಯವನ್ನು ಸೋಲಿಸುತ್ತಿದ್ದ ಫ್ರಾಂಕೋನ ಸೇನೆಗೆ ಹೆದರಿ ಸ್ಪೇನ್‌ನಿಂದ ಫ್ರಾನ್ಸಿಗೆ ದಾಟಿದವರು ಸುಮಾರು ಐದು ಲಕ್ಷ. ಲೀಜಾ ಫಿಟ್ಕೊ ಹಿಡಿದ ದಾರಿಗೆ ಹೆಸರು ಬಂದದ್ದೇ ಆ ಸ್ಪೇನ್ ಗಣರಾಜ್ಯದ ಸೇನಾನಿ ಲಿಸ್ಟರ್‌ನಿಂದ. ಈಗ ಬೆನ್ಯಾಮಿನ್ ಹೆಸರು ಹೊತ್ತಿರುವ ಆ ಕಾಲುದಾರಿಯಲ್ಲಿ ನಡೆಯುವವರಲ್ಲಿ ಎಷ್ಟು ಜನ ಇದನ್ನು ನೆನೆಯುತ್ತಾರೋ!

ನಿಮ್ಮ ಕೊನೆಯ ಪ್ರಶ್ನೆ, ನಮ್ಮ ಕಡೆಗೆ ಯಾರಾದರೂ ಬಂದಿದ್ದರೇ ಎಂಬುದು. ಬಂದಿದ್ದರು. ಕಾಲ್ನೀರು ದಾಟಿಕೊಂಡಲ್ಲ, ಹಡಗಿನಲ್ಲಿ, ಕೆಲಸದ ಪತ್ರ ಹಿಡಿದು. ಬರ್ಲಿನ್‌ನ ವಾಸ್ತುಶಿಲ್ಪಿ ಒಟ್ಟೊ ಕ್ಯೋನಿಗ್ಸ್‌ಬರ್ಗರ್ 1933ರಲ್ಲಿ ಸರ್ಕಾರಿ ಕೆಲಸ ಕಳೆದುಕೊಂಡು ಈಜಿಪ್ಟ್‌ಗೆ ಹೋಗಿದ್ದರು. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು, ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಅವರು ಮಾಡಿದ ಕೆಲಸಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ವಿಭಾಗದ ಕಟ್ಟಡವೂ ಒಂದು. ಸ್ವಾತಂತ್ರ್ಯ ಬಂದ ಮೇಲೆ ಭುವನೇಶ್ವರ ನಗರದ ನಕ್ಷೆ ಮಾಡಿದವರೂ ಅವರೇ.

ಅವರ ಸೋದರಮಾವ ಮ್ಯಾಕ್ಸ್ ಬಾರ್ನ್ ಅದಕ್ಕೂ ಮೊದಲೇ ಅದೇ ಸಂಸ್ಥೆಗೆ ಬಂದು ಹೋಗಿದ್ದರು. ಗಾಟಿಂಗನ್ ವಿಶ್ವವಿದ್ಯಾಲಯದಿಂದ 1933ರಲ್ಲಿ ಹೊರಹಾಕಲ್ಪಟ್ಟ ಭೌತವಿಜ್ಞಾನಿ. ಸಿ.ವಿ. ರಾಮನ್ ಕರೆಸಿಕೊಂಡರು. 1935-36ರ ಚಳಿಗಾಲದಲ್ಲಿ ಆರು ತಿಂಗಳು ಬೆಂಗಳೂರಿನಲ್ಲಿದ್ದರು. ಅವರನ್ನು ಕಾಯಂ ಪ್ರಾಧ್ಯಾಪಕರನ್ನಾಗಿ ಮಾಡಬೇಕೆಂದು ರಾಮನ್ ಪ್ರಸ್ತಾಪ ತಂದ ಸಭೆಯಲ್ಲಿ ಬಾರ್ನ್ ಕೂಡ ಕೂತಿದ್ದರು. ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕ ಎದ್ದು, ಸ್ವಂತ ದೇಶದಿಂದ ಓಡಿಸಿದ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಎಂಬಂತೆ ಮಾತಾಡಿದನೆಂದೂ, ಮನೆಗೆ ಹೋಗಿ ಹೆಂಡತಿಯೆದುರು ಅತ್ತುಬಿಟ್ಟೆನೆಂದೂ ಬಾರ್ನ್ ಬರೆದುಕೊಂಡಿದ್ದಾರೆ. ಆ ಹುದ್ದೆ ಕೈಗೂಡಲಿಲ್ಲ. 1936ರಲ್ಲಿ ಎಡಿನ್‌ಬರೋದಲ್ಲಿ ಕೆಲಸ ಸಿಕ್ಕಿತು, ಹೋದರು. 1954ರಲ್ಲಿ ನೊಬೆಲ್ ಬಂತು.